ಡಬ್ಬಿಯ ಗೋಡೆಯ ಮೇಲಿನ ಅಂಕಿ

ರೈಲಿನ ಡಬ್ಬಿಯೊಳಗೆ ಕಾಲಿಟ್ಟವರು ಕಿಟಕಿಯ ಪಕ್ಕದ ಜಾಗ ಖಾಲಿಯಿದೆಯೇ ಎಂದು ನೋಡುತ್ತಾರೆ, ಫ್ಯಾನು ತಿರುಗುತ್ತಿದೆಯೇ ಎಂದು ನೋಡುತ್ತಾರೆ, ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದೂ ಪರೀಕ್ಷಿಸುತ್ತಾರೆ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಅಂಕಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಈ ಡಬ್ಬಿಯಲ್ಲಿ ಇಷ್ಟು ಜನ ಕೂರಬಹುದು, ಇಷ್ಟು ಜನ ಮಲಗಬಹುದು ಎಂದು ಹೇಳುವ ಅಂಕಿ ಅದು. ಅಲಂಕಾರಕ್ಕೆ ಬರೆದದ್ದಲ್ಲ, ಕಾನೂನಿನ ಪ್ರಕಾರ ಬರೆದದ್ದು. ಒಂದೊಂದು ಡಬ್ಬಿಯಲ್ಲಿ ಗರಿಷ್ಠ ಎಷ್ಟು ಜನರನ್ನು ಒಯ್ಯಬಹುದೆಂದು ಗೊತ್ತುಮಾಡಿ, ಆ ಸಂಖ್ಯೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯಬೇಕು ಎಂದು 1890ರ ರೈಲ್ವೆ ಕಾಯಿದೆಯೇ ವಿಧಿಸಿತ್ತು. 1989ರ ಹೊಸ ಕಾಯಿದೆಯ 57ನೆಯ ಕಲಮು ಅದನ್ನೇ ಮತ್ತೆ ಹೇಳಿತು.

ದೂರದ ರೈಲು ಪ್ರಯಾಣದ ಸುಖದುಃಖಗಳ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು ಮೆತ್ತೆ, ಊಟ, ಪಾಯಖಾನೆ. ಇವೆಲ್ಲವೂ ಮುಖ್ಯವೇ. ಆದರೆ ಇಪ್ಪತ್ತೆರಡು ಜನರ ಡಬ್ಬಿಗೆ ನಲವತ್ತು ಜನ ಹತ್ತಿದರೆ ಮೆತ್ತೆಯಿದ್ದೂ ಪ್ರಯೋಜನವಿಲ್ಲ, ನೀರಿನ ತೊಟ್ಟಿಯಿದ್ದೂ ಪ್ರಯೋಜನವಿಲ್ಲ. ಹಾಗಾಗಿ ಭಾರತೀಯ ರೈಲಿನ ಸೌಕರ್ಯದ ಚರಿತ್ರೆಯೆಂದರೆ, ಗೋಡೆಯ ಮೇಲಿನ ಆ ಅಂಕಿ ಯಾವಾಗ ಮತ್ತು ಯಾರ ಪಾಲಿಗೆ ನಿಜವಾಯಿತು ಎಂಬುದರ ಚರಿತ್ರೆ.

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಹೊರಟಾಗ ಅದರಲ್ಲಿದ್ದವರು ಸುಮಾರು ನಾನೂರು ಮಂದಿ ಆಹ್ವಾನಿತರು. ದೂರ 34 ಕಿಲೋಮೀಟರು. ಬಡತನ, ಜಾತಿಕಟ್ಟು, ಮಡಿಮೈಲಿಗೆಗಳ ಈ ದೇಶದ ಜನ ಒಂದೇ ಬೆಂಚಿನ ಮೇಲೆ ಕೂತು ಪ್ರಯಾಣ ಮಾಡಿಯಾರೇ ಎಂಬ ಅನುಮಾನ ಲಂಡನ್ನಿನಲ್ಲಿ ಬಂಡವಾಳ ಹೂಡಿದವರಿಗಿತ್ತು. ಆದದ್ದು ತದ್ವಿರುದ್ಧ. ಕಾಶಿ, ಪುರಿ, ತಿರುಪತಿ, ರಾಮೇಶ್ವರಗಳಿಗೆ ತಿಂಗಳುಗಟ್ಟಲೆ ನಡೆಯುತ್ತಿದ್ದ ಜನ ಗಾಡಿ ಹತ್ತಿದರು. ಮಡಿವಂತರು ದಾರಿಯುದ್ದಕ್ಕೂ ಉಪವಾಸವಿದ್ದಾದರೂ ಹತ್ತಿದರು. 1864ರಲ್ಲಿ ಬೆಂಗಳೂರು ದಂಡು ಪ್ರದೇಶದಿಂದ ಜೋಲಾರಪೇಟೆಗೆ ದಾರಿ ತೆರೆದು ಮದ್ರಾಸು ಹತ್ತಿರವಾಯಿತು. 1877ರ ಭೀಕರ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಡಲೆಂದು ಆರಂಭವಾದ ಬೆಂಗಳೂರು–ಮೈಸೂರು ಹಾದಿ 1882ರ ಹೊತ್ತಿಗೆ ಮುಗಿಯಿತು. ರೈಲು ಹತ್ತಿದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಮೂರನೇ ದರ್ಜೆಯವರೇ. ಪ್ರಯಾಣಿಕರಿಂದ ಕಂಪನಿಗಳಿಗೆ ಬರುತ್ತಿದ್ದ ಹಣದಲ್ಲಿ ಸಿಂಹಪಾಲು ಅವರದೇ.

ಆ ಹಣಕ್ಕೆ ಪ್ರತಿಯಾಗಿ ಸಿಕ್ಕದ್ದೇನು? ಬರಿಯ ಮರದ ಬೆಂಚು. ಗಾಡಿ ಬರುವವರೆಗೆ ಪ್ಲಾಟ್‌ಫಾರಂ ಮೇಲೆ ಬಿಡದೆ ಕೂಡಿಹಾಕುತ್ತಿದ್ದ ಮುಸಾಫಿರ್‌ಖಾನೆ. ಜಾತ್ರೆ, ಕುಂಭಮೇಳಗಳ ಕಾಲದಲ್ಲಿ ಸರಕಿನ ಡಬ್ಬಿಗಳಲ್ಲೇ ಯಾತ್ರಿಕರನ್ನು ತುಂಬುವ ಪದ್ಧತಿ ಬಹುಕಾಲ ನಡೆಯಿತು. ಪಾಯಖಾನೆಯಂತೂ ಮೊದಲ ಹಲವು ದಶಕಗಳಲ್ಲಿ ಇರಲೇ ಇಲ್ಲ. ಗಾಡಿ ನಿಂತಲ್ಲಿ ಇಳಿದು, ಅದು ಹೊರಡುವುದರೊಳಗೆ ಓಡಿ ಬರಬೇಕು. ಬಂಗಾಳದ ಅಹಮದ್‌ಪುರ ನಿಲ್ದಾಣದಲ್ಲಿ ಹೀಗೆ ಇಳಿದ ಓಖಿಲ್ ಚಂದ್ರ ಸೇನ್ ಎಂಬವರು 1909ರಲ್ಲಿ ಸಾಹಿಬ್‌ಗಂಜ್‌ನ ರೈಲ್ವೆ ಕಚೇರಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟಿತ್ತು; ಗಾರ್ಡು ಸೀಟಿ ಊದಿದ; ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಧೋತ್ರ ಹಿಡಿದು ಓಡುವಾಗ ಬಿದ್ದು, ಪ್ಲಾಟ್‌ಫಾರಮ್ಮಿನ ಗಂಡಸರು ಹೆಂಗಸರೆಲ್ಲರ ಎದುರು ಮಾನ ಹೋಯಿತು; ಗಾಡಿಯೂ ಹೋಯಿತು. ಗಾರ್ಡಿಗೆ ಭಾರಿ ದಂಡ ಹಾಕದಿದ್ದರೆ ಪತ್ರಿಕೆಗಳಿಗೆ ಬರೆಯುವೆ ಎಂದು ಆತ ಬೆದರಿಸಿದ್ದರು! ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ಕಂಡ ಆ ಪತ್ರದ ಹರಕುಮುರುಕು ಇಂಗ್ಲಿಷನ್ನು ಓದಿ ನಕ್ಕವರೇ ಹೆಚ್ಚು. ಈ ಒಂದು ಪತ್ರದಿಂದಲೇ ಕೆಳದರ್ಜೆಗೆ ಪಾಯಖಾನೆ ಬಂತೆಂದು ಹೇಳುವುದುಂಟು. ಅಷ್ಟು ಸುಲಭವಾಗಿ ಕರಗುವ ಕಂಪನಿಗಳಾಗಿರಲಿಲ್ಲ ಅವು. ಆ ಪತ್ರಕ್ಕೆ ಹಿಂದೆ ದಶಕಗಳ ಅರ್ಜಿಗಳಿದ್ದವು, ಪತ್ರಿಕೆಗಳ ದೂರುಗಳಿದ್ದವು. ನಗು ತರಿಸಿದ್ದು ಮಾತ್ರ ಜನರ ನೆನಪಿನಲ್ಲಿ ಉಳಿಯಿತು.

ಮೂರನೇ ದರ್ಜೆಯ ಪಾಡನ್ನು ಲೆಕ್ಕ ಹಾಕಿ ಬರೆದವರೆಂದರೆ ಗಾಂಧೀಜಿ. ದಕ್ಷಿಣ ಆಫ್ರಿಕದಿಂದ 1915ರಲ್ಲಿ ಮರಳಿದ ಮೇಲೆ ಅವರು ದೇಶವನ್ನು ನೋಡಿದ್ದೇ ಮೂರನೇ ದರ್ಜೆಯ ಕಿಟಕಿಯಿಂದ. ಅದೇ ವರ್ಷದ ಹರಿದ್ವಾರದ ಕುಂಭಮೇಳಕ್ಕೆ ಹೋಗುವಾಗ ಸಹಾರನ್‌ಪುರದಿಂದ ಮುಂದೆ ಅವರನ್ನೂ ಸರಕಿನ ಡಬ್ಬಿಗೇ ತುಂಬಿದ್ದರು. ಮೇಲೆ ಚಾವಣಿಯಿಲ್ಲ, ನಡುಹಗಲಿನ ಬಿಸಿಲು. ಕೆಳಗೆ ಕಾದ ಕಬ್ಬಿಣದ ನೆಲ.

1917ರ ಸೆಪ್ಟೆಂಬರಿನಲ್ಲಿ ಅವರು ಮುಂಬಯಿಯಿಂದ ಮದ್ರಾಸಿಗೆ ಮೇಲ್ ಗಾಡಿಯಲ್ಲಿ ಹೊರಟರು. ಟಿಕೆಟ್ಟಿನ ಬೆಲೆ 13 ರೂಪಾಯಿ 9 ಆಣೆ. ಆಮೇಲೆ ರಾಂಚಿಯಿಂದ ಪತ್ರಿಕೆಗಳಿಗೆ ಬರೆದ ದೀರ್ಘ ಪತ್ರದಲ್ಲಿ (ಅದು ಬಳಿಕ ಕಿರುಹೊತ್ತಗೆಯಾಗಿಯೂ ಬಂತು) ಅವರು ಮೊದಲು ಹೇಳುವ ಸಂಗತಿಗಳಲ್ಲೊಂದು ಗೋಡೆಯ ಮೇಲಿನ ಅಂಕಿ: 22. ಅದೂ ಕೂರುವುದಕ್ಕೆ, ಮಲಗಲು ಹಲಗೆಗಳಿಲ್ಲ. ಮದ್ರಾಸು ಮುಟ್ಟುವುದರೊಳಗೆ ಎರಡು ರಾತ್ರಿ ಕಳೆಯಬೇಕು. ಪುಣೆಯವರೆಗೆ ಆ ಅಂಕಿ ಉಳಿಯಿತು. ಉಳಿಸಿದ್ದು ರೈಲ್ವೆಯಲ್ಲ, ಒಳಗಿದ್ದ ಗಟ್ಟಿಗ ಪ್ರಯಾಣಿಕರು, ಹತ್ತಬಂದವರನ್ನು ಬಾಗಿಲಲ್ಲೇ ತಡೆದು. ನಮ್ಮ ರಾಯಚೂರು ದಾಟಿದ ಮೇಲೆ ಅವರ ಕೈಯೂ ಸೋತಿತು. ಡಬ್ಬಿಯಲ್ಲಿ ಮೂವತ್ತೈದಕ್ಕೂ ಹೆಚ್ಚು ಜನ. ಕೆಲವರು ಕಸದ ನಡುವೆ ನೆಲದ ಮೇಲೆ ಮಲಗಿದರು, ಕೆಲವರು ನಿಂತೇ ಇದ್ದರು. ಇಡೀ ದಾರಿಯಲ್ಲಿ ಒಮ್ಮೆಯೂ ಕಸ ಗುಡಿಸಲಿಲ್ಲ, ಪಾಯಖಾನೆ ತೊಳೆಯಲಿಲ್ಲ, ತೊಟ್ಟಿಯಲ್ಲಿ ನೀರಿಲ್ಲ. ಮಾರಲು ಬಂದ ಚಹಾದ ಬಣ್ಣವನ್ನೂ ಅದಕ್ಕೆ ಬೆರೆಸಿದ ಹಾಲೆಂಬ ದ್ರವವನ್ನೂ ಅವರು ವರ್ಣಿಸಿದ ರೀತಿಯನ್ನು ಓದಿದವರು ಬಹುಶಃ ಅಂದು ಚಹಾ ಕುಡಿದಿರಲಾರರು.

ಗಾಂಧೀಜಿಯ ತಕರಾರು ಕರುಣೆಗಿಂತ ಹೆಚ್ಚಾಗಿ ಬನಿಯಾ ಲೆಕ್ಕದ್ದು ಎಂದು ನನಗನಿಸುತ್ತದೆ. ಅದರ ಬಲವೂ ಅಲ್ಲೇ ಇದೆ. ಮೊದಲ ದರ್ಜೆಯ ದರ ಮೂರನೆಯದರ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಮೂರನೆಯವನಿಗೆ ಸುಖದ ಐದನೆಯ ಒಂದು ಪಾಲಾದರೂ ಸಿಗಬೇಕಲ್ಲ, ಹತ್ತನೆಯ ಒಂದು ಪಾಲಾದರೂ ಸಿಗುತ್ತಿದೆಯೇ ಎಂಬುದು ಅವರ ಪ್ರಶ್ನೆ. ಯುದ್ಧಕಾಲ, ಗಾಡಿಗಳಿಲ್ಲ ಎಂಬ ಸಮಜಾಯಿಷಿಯನ್ನು ಅವರು ಒಪ್ಪಲಿಲ್ಲ. ಗಾಡಿ ಕಡಿಮೆಯಿದ್ದರೆ ಜನರನ್ನು ಕಡಿಮೆ ಮಾಡಬಹುದು. ಕೊಳಕಿಗೂ ಯುದ್ಧಕ್ಕೂ ಏನು ಸಂಬಂಧ? ಎಲ್ಲೆಂದರಲ್ಲಿ ಉಗುಳುವ ಸಹಪ್ರಯಾಣಿಕರನ್ನೂ ಅವರು ಬಿಡಲಿಲ್ಲ. ಕೊನೆಗೆ ಒಂದು ಸಲಹೆಯಿತ್ತರು: ವೈಸರಾಯರು, ಸೇನಾಧಿಪತಿ, ರಾಜ ಮಹಾರಾಜರು ಮುನ್ಸೂಚನೆಯಿಲ್ಲದೆ ಒಮ್ಮೆ ಮೂರನೇ ದರ್ಜೆಯಲ್ಲಿ ಪ್ರಯಾಣ ಮಾಡಿ ನೋಡಲಿ. ಯಾರೂ ಮಾಡಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮುಂದೆ ಆಕ್ವರ್ತ್ ಸಮಿತಿ ಬಂತು (1920–21), ಕಂಪನಿಗಳ ಕೈಯಿಂದ ರೈಲನ್ನು ಸರಕಾರ ತೆಗೆದುಕೊಳ್ಳಬೇಕೆಂಬ ಅಭಿಪ್ರಾಯ ಬಲವಾಯಿತು, 1924ರಿಂದ ರೈಲ್ವೆಗೆ ಪ್ರತ್ಯೇಕ ಬಜೆಟ್ ಆಯಿತು. ಮೇಲಿನ ದರ್ಜೆಯವರಿಗೆ ಸುಖ ಬೇಗ ಬೇಗ ಬಂತು: 1934ರಲ್ಲಿ ಫ್ರಾಂಟಿಯರ್ ಮೇಲ್‌ನ ಡಬ್ಬಿಗಳ ಕೆಳಗೆ ಮಂಜುಗಡ್ಡೆಯ ದಿಮ್ಮಿಗಳನ್ನಿಟ್ಟು ತಂಪು ಗಾಳಿ ಊದಿದರು, ಕರಗಿದ ಹಾಗೆ ದಾರಿಯ ನಿಲ್ದಾಣಗಳಲ್ಲಿ ತುಂಬುತ್ತಿದ್ದರು. ಅದೇ ನಿಲ್ದಾಣಗಳ ಪ್ಲಾಟ್‌ಫಾರಂ ಮೇಲೆ ಮೂರನೇ ದರ್ಜೆಯವರಿಗೆ ‘ಹಿಂದೂ ಪಾನಿ’, ‘ಮುಸ್ಲಿಂ ಪಾನಿ’ ಎಂಬ ಬೇರೆ ಬೇರೆ ಕೊಡಗಳು. ಬುದ್ಧಿವಂತರು ತಮ್ಮದೇ ಹಿತ್ತಾಳೆಯ ಕೂಜಾ, ತಮ್ಮದೇ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ನಮ್ಮ ಕಡೆಯ ಪುಳಿಯೋಗರೆ, ಮೊಸರನ್ನ, ಉತ್ತರ ಕರ್ನಾಟಕದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳಿಗೆ ರೈಲು ಪ್ರಯಾಣದಲ್ಲಿ ಇಂದಿಗೂ ಇರುವ ಗೌರವಕ್ಕೆ ರುಚಿಯೊಂದೇ ಕಾರಣವಲ್ಲ. ಬೇಗ ಕೆಡದೆ ಇರುವುದು, ಯಾರನ್ನೂ ಕೇಳದೆ ತಿನ್ನಬಹುದಾಗಿರುವುದು ಕೂಡ ಕಾರಣ.

ಸ್ವಾತಂತ್ರ್ಯದ ಮರುವರ್ಷವೇ, 1948ರಲ್ಲಿ, ಬರಿಯ ಮೂರನೇ ದರ್ಜೆಯ ಡಬ್ಬಿಗಳ ಜನತಾ ಎಕ್ಸ್‌ಪ್ರೆಸ್ ಓಡಿತು. ಐವತ್ತರ ದಶಕದ ಆರಂಭದಲ್ಲಿ ಹೊಸ ಡಬ್ಬಿಗಳೆಲ್ಲಕ್ಕೂ, ಮೂರನೇ ದರ್ಜೆಗೂ, ಫ್ಯಾನು ದೀಪ ಹಾಕುವ ತೀರ್ಮಾನವಾಯಿತು. 1955ರಲ್ಲಿ ಹಳೆಯ ಮೊದಲ ದರ್ಜೆಯನ್ನು ರದ್ದು ಮಾಡಿ, ಎರಡನೆಯದನ್ನು ಮೊದಲನೆಯದೆಂದೂ ಇಂಟರ್ ಕ್ಲಾಸನ್ನು ಎರಡನೆಯದೆಂದೂ ಕರೆದರು. ಮೂರನೆಯದು ಮೂರನೆಯದಾಗಿಯೇ ಉಳಿಯಿತು. ಅದೇ ವರ್ಷದ ಗಾಂಧಿ ಜಯಂತಿಯಂದು ಮದ್ರಾಸಿನ ಪೆರಂಬೂರಿನಲ್ಲಿ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು ನೆಹರೂ ಉದ್ಘಾಟಿಸಿದರು. ಸ್ವಿಸ್ ಕಂಪನಿಯೊಂದರ ವಿನ್ಯಾಸದ ಉಕ್ಕಿನ ಡಬ್ಬಿಗಳು ಅಲ್ಲಿ ತಯಾರಾಗತೊಡಗಿದವು. ಮುಂದಿನ ಆರು ದಶಕ ನಾವು ನೀವೆಲ್ಲ ಓಡಾಡಿದ ನೀಲಿ, ಕೆಂಗಂದು ಡಬ್ಬಿಗಳ ತವರು ಅದು.

ಆದರೆ ನನ್ನ ದೃಷ್ಟಿಯಲ್ಲಿ ಮೂರನೇ ದರ್ಜೆಯ ಬಾಳನ್ನು ಬದಲಿಸಿದ್ದು ಉಕ್ಕೂ ಅಲ್ಲ, ಫ್ಯಾನೂ ಅಲ್ಲ. ಒಂದು ಮಡಚುವ ಹಲಗೆ. ಎರಡು ಅಂತಸ್ತಿನ ಹಳೆಯ ಸ್ಲೀಪರ್ ಡಬ್ಬಿಯಲ್ಲಿ ಮೇಲಿನ ಹಲಗೆಯವನು ಮಲಗಿದರೆ ಕೆಳಗಿನವರು ಕೂತೇ ಬೆಳಗು ಮಾಡಬೇಕಿತ್ತು. ಕೆಳಗಿನ ಬೆಂಚಿನಲ್ಲಿ ಮೂವರು ಕೂರುತ್ತಾರೆ, ಎದುರು ಮೂವರು, ಓಣಿಯ ಆಚೆ ಇಬ್ಬರು: ಒಟ್ಟು ಎಂಟು. ಇವರಿಗೆ ಮಲಗಲು ಎಂಟು ಜಾಗ ಬೇಕು. ಅರವತ್ತರ ದಶಕದಲ್ಲಿ ಬಂದ ಮೂರಂತಸ್ತಿನ ಡಬ್ಬಿ ಈ ಲೆಕ್ಕವನ್ನು ಬಿಡಿಸಿತು. ಹಗಲು ಬೆನ್ನಿಗೆ ಆನಿಕೆಯಾಗಿ ಇಳಿಬಿದ್ದಿರುವ ನಡುವಿನ ಹಲಗೆಯನ್ನು ರಾತ್ರಿ ಎತ್ತಿ ಸರಪಳಿಗೆ ಸಿಕ್ಕಿಸಿದರೆ, ಕೂತಿದ್ದ ಎಂಟು ಮಂದಿಗೂ ಎಂಟು ಹಾಸಿಗೆ. ಇಂಥ ಒಂಬತ್ತು ಅಂಕಣ ಸೇರಿದರೆ 72. ಕೂರುವ ಸಂಖ್ಯೆಯೂ ಮಲಗುವ ಸಂಖ್ಯೆಯೂ ಒಂದೇ ಆಯಿತು. ಬಡವನ ಟಿಕೆಟ್ಟಿನ ದರದಲ್ಲಿ ಸ್ವಲ್ಪವೇ ಹೆಚ್ಚು ಕೊಟ್ಟರೆ ಕಾಲು ಚಾಚಿ ಮಲಗುವ ಜಾಗ! ಇಷ್ಟು ದೊಡ್ಡ ದೇಶದಲ್ಲಿ ಎರಡು ಮೂರು ರಾತ್ರಿಯ ಪ್ರಯಾಣ ಸಾಮಾನ್ಯವಾಗಿರುವಾಗ ಇದು ಸಣ್ಣ ಸಂಗತಿಯಲ್ಲ.

ಆ ಹಲಗೆಯ ಜೊತೆಗೇ ಇನ್ನೊಂದು ಬಂತು: ಹಲಗೆಗೆ ಒಂದು ನಂಬರು, ನಂಬರಿಗೆ ಒಂದು ಹೆಸರು. ಕಾಯ್ದಿರಿಸಿದವರ ಪಟ್ಟಿಯನ್ನು ಡಬ್ಬಿಯ ಬಾಗಿಲಿಗೆ ಅಂಟಿಸಿದ ದಿನ ಗೋಡೆಯ ಮೇಲಿನ ಅಂಕಿಗೆ ಮೊದಲ ಬಾರಿಗೆ ಜೀವ ಬಂತು. ಅದಕ್ಕೆ ಮುಂಚೆ ಜಾಗದ ಹಕ್ಕೆಂದರೆ ಟವೆಲ್ಲು. ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದು ಜಾಗ ಹಿಡಿಯುವ ವಿದ್ಯೆ ನಮ್ಮ ಭಾಷೆಗೆ ‘ಟವೆಲ್ ಹಾಕುವುದು’ ಎಂಬ ನುಡಿಗಟ್ಟನ್ನೇ ಕೊಟ್ಟಿದೆ. ಪೋರ್ಟರನಿಗೆ ನಾಲ್ಕು ಕಾಸು ಕೊಟ್ಟರೆ ಅವನೇ ಹೋಗಿ ಮಲಗಿರುತ್ತಿದ್ದ. ಬೊಂಬಾಯಿಗೆ ಹೊರಟ ನಮ್ಮವರು ಈ ವಿದ್ಯೆಯನ್ನು ಮಿರಜಿನಲ್ಲಿ ಚೆನ್ನಾಗಿ ಕಲಿತಿದ್ದರು. ಬೆಂಗಳೂರು, ಹುಬ್ಬಳ್ಳಿಗಳಿಂದ ಮಿರಜಿಗೆ ಮೀಟರ್ ಗೇಜು. 1971ರಿಂದ ಮಿರಜಿನಿಂದಾಚೆ ಬ್ರಾಡ್ ಗೇಜು. ಟ್ರಂಕು, ಹೋಲ್ಡಾಲು, ಮಕ್ಕಳು ಮರಿಗಳನ್ನು ಒಂದು ಗಾಡಿಯಿಂದಿಳಿಸಿ ಇನ್ನೊಂದಕ್ಕೆ ಹತ್ತಿಸುವ ಆ ಅರ್ಧ ಗಂಟೆಯಲ್ಲಿ ಸಂಸಾರಗಳ ತಾಳ್ಮೆಯ ಪರೀಕ್ಷೆಯಾಗುತ್ತಿತ್ತು. ತೊಂಬತ್ತರ ದಶಕದಲ್ಲಿ, ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ ಕೈಗೊಂಡ ಏಕರೂಪ ಗೇಜಿನ ಕೆಲಸದಿಂದ ಅದು ತಪ್ಪಿತು. ದೂರಪ್ರಯಾಣದ ಸುಖದ ಪಟ್ಟಿಯಲ್ಲಿ ಇದನ್ನು ಸಾಮಾನ್ಯವಾಗಿ ಯಾರೂ ಸೇರಿಸುವುದಿಲ್ಲ.

1974ರಲ್ಲಿ ಮೂರನೇ ದರ್ಜೆ ಎಂಬ ಹೆಸರು ಹೋಯಿತು. ಅದೇ ಡಬ್ಬಿಗೆ ಎರಡನೇ ದರ್ಜೆ ಎಂದು ಬರೆದರು. ಹಲಗೆ ಮಾತ್ರ ಹಲಗೆಯೇ. ಬೆಂಗಳೂರಿನಿಂದ ದೆಹಲಿಗೆ 1976ರಲ್ಲಿ ಕೇರಳ–ಕರ್ನಾಟಕ ಎಕ್ಸ್‌ಪ್ರೆಸ್ ಆರಂಭವಾದಾಗ (ಹಳಬರು ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಈಗಲೂ ‘ಕೆ.ಕೆ.’ ಎಂದೇ ಕರೆಯುತ್ತಾರೆ) ಸುಮಾರು 2400 ಕಿಲೋಮೀಟರು ಆ ಬರಿಯ ಹಲಗೆಯ ಮೇಲೆಯೇ. ಮರುವರ್ಷ ಜನತಾ ಸರಕಾರದ ರೈಲ್ವೆ ಸಚಿವರಾದ ಮಧು ದಂಡವತೆ ಎರಡನೇ ದರ್ಜೆಯ ಹಲಗೆಗಳಿಗೆ ಎರಡಂಗುಲದ ಸ್ಪಂಜು ಹೊದಿಸುವ ಏರ್ಪಾಡು ಮಾಡಿದರು. 1977ರ ಡಿಸೆಂಬರ್ 26ರಂದು ಮುಂಬಯಿ–ಹೌರಾ ನಡುವೆ ಹೊರಟ ಗೀತಾಂಜಲಿ ಎಕ್ಸ್‌ಪ್ರೆಸ್ಸಿನಲ್ಲಿ ಮೇಲು ದರ್ಜೆಯೇ ಇರಲಿಲ್ಲ. ಎಲ್ಲರಿಗೂ ಒಂದೇ, ಎಲ್ಲ ಹಲಗೆಗೂ ಸ್ಪಂಜು. ಉಳಿದ ಗಾಡಿಗಳಿಗೆ ಅದು ಹರಡಲು ಮುಂದಿನ ಹತ್ತು ವರ್ಷ ಹಿಡಿಯಿತು. ರೈಲ್ವೆ ಸಚಿವರನ್ನು ಜನ ನೆನೆಯುವುದು ಹೊಸ ಗಾಡಿ, ಹೊಸ ಮಾರ್ಗಗಳಿಗಾಗಿ. ಎರಡಂಗುಲ ಸ್ಪಂಜಿಗಾಗಿ ನೆನಪಿನಲ್ಲುಳಿದ ಸಚಿವರು ಇವರೊಬ್ಬರೇ ಇರಬೇಕು.

ಮಡಚುವ ಹಲಗೆ ಒಂದು ಹೊಸ ಸಮಾಜಶಾಸ್ತ್ರವನ್ನೂ ಹುಟ್ಟಿಸಿತು. ನಡುವಿನ ಬರ್ತಿನವನು ಮಲಗಿದರೆ ಕೆಳಗಿನವನು ಕೂರುವಂತಿಲ್ಲ. ಕೆಳಗಿನವನು ಏಳದಿದ್ದರೆ ನಡುವಿನವನು ಮಲಗುವಂತಿಲ್ಲ. “ಇನ್ನು ಮಲಗೋಣವೇ ಸ್ವಾಮಿ?” ಎಂಬ ಪ್ರಶ್ನೆಗೆ ಸಿಗುವ ಉತ್ತರದಿಂದ ಮನುಷ್ಯನ ಸ್ವಭಾವ ತಿಳಿಯುತ್ತಿತ್ತು. ಜಗಳಗಳು ಎಷ್ಟಾದವೆಂದರೆ ರೈಲ್ವೆ ಮಂಡಳಿಯೇ ಮಲಗುವ ಹೊತ್ತನ್ನು ಗೊತ್ತುಮಾಡಬೇಕಾಯಿತು. ಮೊದಲು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ, 2017ರಿಂದ ರಾತ್ರಿ ಹತ್ತರಿಂದ ಆರರವರೆಗೆ.

ಅಂಕಿಯನ್ನು ಹಿಗ್ಗಿಸುವ ಆಸೆ ರೈಲ್ವೆಯನ್ನು ಬಿಡಲಿಲ್ಲ. ಕಳೆದ ದಶಕಕ್ಕೆ ಮುಂಚೆ, ಲಾಲೂ ಪ್ರಸಾದರ ಕಾಲದಲ್ಲಿ, ಓಣಿಯ ಪಕ್ಕದ ಎರಡು ಬರ್ತುಗಳ ನಡುವೆ ಮೂರನೆಯದೊಂದನ್ನು ತುರುಕಿದರು. ಅಂಕಣಕ್ಕೆ ಎಂಟಿದ್ದದ್ದು ಒಂಬತ್ತಾಯಿತು. ಆ ಜಾಗದಲ್ಲಿ ಮಲಗಿದವನು ಮಗ್ಗುಲು ಬದಲಿಸಲಾರ, ಕೆಳಗಿನವನು ತಲೆಯೆತ್ತಿ ಕೂರಲಾರ. ಜನ ಕೂಗಾಡಿದರು, ಒಂದೆರಡು ವರ್ಷಗಳಲ್ಲೇ ಅದನ್ನು ಕಿತ್ತು ಹಾಕಬೇಕಾಯಿತು. ಮೂರನೇ ದರ್ಜೆಯ ವಾರಸುದಾರರ ದೂರಿಗೆ ಇಷ್ಟು ಬೇಗ ಫಲ ಸಿಕ್ಕ ಉದಾಹರಣೆ ಬೇರೆ ನನಗೆ ನೆನಪಾಗುವುದಿಲ್ಲ. ಆಮೇಲೆ 2021ರಲ್ಲಿ ಬಂದ ಎಕಾನಮಿ ಹವಾನಿಯಂತ್ರಿತ ಡಬ್ಬಿಯಲ್ಲಿ ಅಷ್ಟೇ ಉದ್ದದ ಜಾಗದಲ್ಲಿ 72ರ ಬದಲು 83 ಬರ್ತುಗಳನ್ನು ಕೂರಿಸಿದರು. ತಂಪಾಗಿದ್ದುದರಿಂದಲೋ ಏನೋ, ಈ ಸಲ ಅಷ್ಟು ಕೂಗು ಕೇಳಲಿಲ್ಲ. ಹಳಿಯ ಮೇಲೆಯೇ ಸುರಿಯುತ್ತಿದ್ದ, ಅದನ್ನು ತೊಳೆಯುವ ಪೌರಕಾರ್ಮಿಕರಿಗೆ ನರಕವಾಗಿದ್ದ ಹಳೆಯ ಪಾಯಖಾನೆಗಳ ಜಾಗದಲ್ಲಿ ಬಯೋ ಟಾಯ್ಲೆಟ್ ಬಂದದ್ದು ಮಾತ್ರ ಈ ಕಾಲದ ನಿಜವಾದ ಸುಧಾರಣೆ. ಓಖಿಲ್ ಬಾಬು ಪತ್ರ ಬರೆದು ನೂರು ವರ್ಷವಾದ ಮೇಲಾದರೂ ಬಂತು.

ಇಷ್ಟೆಲ್ಲ ಹೆಸರಿರುವ ಹಲಗೆಯ ಕಥೆ. ಅದೇ ಗಾಡಿಯ ತುದಿಯಲ್ಲಿ ಜನರಲ್ ಡಬ್ಬಿ ಎಂಬುದಿದೆ. ಪೆರಂಬೂರಿನ ಹಳೆಯ ಮಾದರಿಯದಾದರೆ ಗೋಡೆಯ ಮೇಲೆ 90 ಎಂದಿರುತ್ತದೆ, ಜರ್ಮನ್ ಮಾದರಿಯ ಹೊಸತಾದರೆ ಸುಮಾರು ನೂರು. ಹಬ್ಬದ ದಿನಗಳಲ್ಲಿ ಅದರ ಎರಡು ಮೂರು ಪಟ್ಟು ಜನ ಒಳಗಿರುತ್ತಾರೆ, ಪಾಯಖಾನೆಯಲ್ಲೂ ನಿಂತಿರುತ್ತಾರೆ. 2025ರ ಫೆಬ್ರುವರಿ 15ರ ರಾತ್ರಿ ಹೊಸದೆಹಲಿ ನಿಲ್ದಾಣದಲ್ಲಿ ಪ್ರಯಾಗರಾಜದ ಕುಂಭಮೇಳಕ್ಕೆ ಹೊರಟವರ ನೂಕುನುಗ್ಗಲಿನಲ್ಲಿ 18 ಜನ ಸತ್ತರು. ಡಬ್ಬಿಯಲ್ಲಿ ಹಿಡಿಯುವಷ್ಟಕ್ಕಿಂತ ಹೆಚ್ಚು ಟಿಕೆಟ್ಟುಗಳನ್ನು ಮಾರುವುದೇಕೆ, 57ನೆಯ ಕಲಮನ್ನು ಪಾಲಿಸುತ್ತಿಲ್ಲವೇಕೆ ಎಂದು ಆಗ ದೆಹಲಿ ಹೈಕೋರ್ಟು ರೈಲ್ವೆಯನ್ನು ಕೇಳಿತು. ಗಾಂಧೀಜಿ ಹರಿದ್ವಾರದ ಕುಂಭಮೇಳಕ್ಕೆ ಹೋಗಿ ಆಗ 110 ವರ್ಷ.

ಬೆಂಗಳೂರಿನವರಿಗೆ ಈ ಡಬ್ಬಿಯನ್ನು ನೋಡಲು ದೂರ ಹೋಗಬೇಕಿಲ್ಲ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಬಂಗಾಳ, ಬಿಹಾರ, ಅಸ್ಸಾಮಿನ ಕಡೆಯ ಗಾಡಿಗಳು ಬರುತ್ತವೆ. ನಮ್ಮ ಮೆಟ್ರೋ ಕಟ್ಟುವವರು, ಹೋಟೆಲುಗಳಲ್ಲಿ ತಟ್ಟೆ ತೊಳೆಯುವವರು, ಅಪಾರ್ಟ್‌ಮೆಂಟುಗಳ ಕಾವಲಿನವರು ಅವುಗಳಲ್ಲಿ ಬಂದಿಳಿಯುತ್ತಾರೆ. ಹವಾನಿಯಂತ್ರಣವಿಲ್ಲದ, ಸ್ಲೀಪರ್ ಮತ್ತು ಜನರಲ್ ಡಬ್ಬಿಗಳು ಮಾತ್ರ ಇರುವ ಅಮೃತ್ ಭಾರತ್ ಗಾಡಿಗಳನ್ನು 2023ರ ಡಿಸೆಂಬರ್ 30ರಂದು ಮೊದಲು ಬಿಟ್ಟಾಗ, ಎರಡರಲ್ಲೊಂದು ಬಂಗಾಳದ ಮಾಲ್ದಾದಿಂದ ಈ ನಿಲ್ದಾಣಕ್ಕೆ ಬಂತು. ಎರಡೂ ತುದಿಗೆ ಎಂಜಿನ್ನು, ಕುಲುಕಾಟ ಕಡಿಮೆ, ಮೊಬೈಲಿಗೆ ಚಾರ್ಜು ಹಾಕುವ ಅನುಕೂಲ, ಶುಚಿಯಾದ ಪಾಯಖಾನೆ. ದಾರಿ ಎರಡು ರಾತ್ರಿಯದು, 1917ರ ಮುಂಬಯಿ–ಮದ್ರಾಸಿನ ಹಾಗೆ. ಅದರ ಸ್ಲೀಪರಿನಲ್ಲಿ ಬಂದವನ ಟಿಕೆಟ್ಟಿನ ಮೇಲೆ ಡಬ್ಬಿಯ ಸಂಖ್ಯೆ, ಬರ್ತಿನ ಸಂಖ್ಯೆ ಎರಡೂ ಇರುತ್ತವೆ. ಜನರಲ್ ಡಬ್ಬಿಯಲ್ಲಿ ಬಂದವನ ಟಿಕೆಟ್ಟಿನ ಮೇಲೆ ಎರಡೂ ಇರುವುದಿಲ್ಲ.